ಕಣ್ಣು ಮೂಡಿದ ಮೇಲೆ ನೀರು: ಕಿಲ್ಲಿಫಿಶ್ ಮೊಟ್ಟೆ ಕಾದ ಅನುಭವ

ಮೀನಿನ ಮೊಟ್ಟೆಯನ್ನು ನೀರಿನಿಂದ ತೆಗೆದು, ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಮೂರು ತಿಂಗಳು ಕಪಾಟಿನಲ್ಲಿ ಇಡಬೇಕು. ಆಮೇಲೆ ನೀರು ಹೊಯ್ದರೆ ಕೆಲವೇ ಗಂಟೆಯಲ್ಲಿ ಮರಿ ಈಜುತ್ತದೆ. ಹೀಗೆ ಯಾರಾದರೂ ಹೇಳಿದರೆ ನಂಬುವುದು ಕಷ್ಟ ಅಲ್ವಾ? ನಾನೂ ನಂಬಿರಲಿಲ್ಲ. ಗಪ್ಪಿ, ಮೋಲಿ ಸಾಕಿ ಗೊತ್ತಿತ್ತು. ಅವು ನೇರ ಮರಿ ಹಾಕುತ್ತವೆ, ನಮಗೆ ಏನೂ ಕೆಲಸ ಇರುವುದಿಲ್ಲ. ಆಮೇಲೆ ಗೆಳೆಯನೊಬ್ಬ ಕಂದು ಪುಡಿ ತುಂಬಿದ ಜಿಪ್ ಕವರ್ ಒಂದನ್ನು ಕೈಗೆ ಕೊಟ್ಟ. ಮೇಲೆ ಮೀನಿನ ಹೆಸರು, ಮೊಟ್ಟೆ ತೆಗೆದ ತಾರೀಖು, ನೀರು ಹಾಕಬಹುದಾದ ತಾರೀಖು ಬರೆದಿತ್ತು. ಕೊಡುವಾಗ ಒಂದು ಮಾತು ಹೇಳಿದ: "ಈ ತಾರೀಖನ್ನು ನಂಬಬೇಡ. ಮೊಟ್ಟೆಯ ಕಣ್ಣು ನೋಡಿ ನೀರು ಹಾಕು."

ಕವರ್‌ನಲ್ಲಿ ಇದ್ದದ್ದು ನೊಥೊಬ್ರಾಂಕಿಯಸ್ ಗುಂಥೇರಿ ಎಂಬ ಕಿಲ್ಲಿಫಿಶ್‌ನ ಮೊಟ್ಟೆಗಳು. ಜಾಂಜಿಬಾರ್ ದ್ವೀಪದ ಮೀನು. ಗಂಡಿಗೆ ನೀಲಿ ಹಸಿರು ಮೈ, ಕೆಂಪು ಬಾಲ. ಹೆಣ್ಣು ಬರೀ ಬೂದು. ನೊಥೊಬ್ರಾಂಕಿಯಸ್ ಗುಂಪಿನ ಮೀನುಗಳು ಪೂರ್ವ ಆಫ್ರಿಕಾದಲ್ಲಿ ಮಳೆಗಾಲದಲ್ಲಿ ಮಾತ್ರ ತುಂಬುವ ಹೊಂಡಗಳಲ್ಲಿ ಬದುಕುತ್ತವೆ. ಹೊಂಡ ಬತ್ತಿದರೆ ದೊಡ್ಡ ಮೀನುಗಳೆಲ್ಲ ಸಾಯುತ್ತವೆ. ಉಳಿಯುವುದು ಕೆಸರಿನೊಳಗಿನ ಮೊಟ್ಟೆಗಳು ಮಾತ್ರ. ಈ ಮೀನುಗಳಿಗೆ ಆತುರ ಎಷ್ಟು ಅಂದರೆ, ಇದೇ ಗುಂಪಿನ ನೊಥೊಬ್ರಾಂಕಿಯಸ್ ಫರ್ಜೆರಿ ಮೊಟ್ಟೆಯೊಡೆದು 14 ದಿನಕ್ಕೇ ಮೊಟ್ಟೆ ಇಡುವ ಹಂತ ತಲುಪಿದ್ದನ್ನು ಮೊಜಾಂಬಿಕ್‌ನ ಹೊಂಡಗಳಲ್ಲಿ ಸಂಶೋಧಕರು ನೋಡಿದ್ದಾರೆ. 2018ರಲ್ಲಿ ಅದು ಪ್ರಕಟವಾಯಿತು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಇಷ್ಟು ಬೇಗ ಬಲಿಯುವುದು ಬೇರೆ ಯಾವುದೂ ತಿಳಿದಿಲ್ಲ. ವಯಸ್ಸಾಗುವುದು ಹೇಗೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಈ ಮೀನನ್ನು ಸಾಕುವುದು ಅದರ ಆಯಸ್ಸು ತೀರಾ ಚಿಕ್ಕದು ಎನ್ನುವ ಕಾರಣಕ್ಕೆ.

ದೊಡ್ಡ ಮೀನಿಗೆ ಆತುರ ಇದ್ದಷ್ಟೂ ಮೊಟ್ಟೆಗೆ ತಾಳ್ಮೆ ಜಾಸ್ತಿ. ಅದನ್ನು ಅರ್ಥ ಮಾಡಿಕೊಳ್ಳದೆ ಕವರ್ ಹಿಡಿದುಕೊಂಡು ಕೂತರೆ ಏನೂ ಪ್ರಯೋಜನ ಇಲ್ಲ. ಹಾಗಾಗಿ ಅದನ್ನು ಮೊದಲು ಹೇಳುತ್ತೇನೆ.

ಕೋಳಿ ಮೊಟ್ಟೆಗೆ ಕಾವು ಕೊಟ್ಟರೆ 21 ದಿನ, ಲೆಕ್ಕ ಮುಗಿಯಿತು. ಕಿಲ್ಲಿಯ ಮೊಟ್ಟೆ ಬೆಳೆಯುತ್ತಾ ಬೆಳೆಯುತ್ತಾ ನಡುವೆ ನಿಂತುಬಿಡುತ್ತದೆ. ಈ ನಿಲುಗಡೆಗೆ ಡಯಾಪಾಸ್ ಎನ್ನುತ್ತಾರೆ. 1972ರಲ್ಲಿ ಜಾನ್ ವೋರ್ಮ್ಸ್ ಎಂಬ ಜೀವಶಾಸ್ತ್ರಜ್ಞ ಇದರ ಮೂರು ಹಂತಗಳನ್ನು ವಿವರಿಸಿದರು. ಮೊದಲನೆಯದು ತುಂಬಾ ಬೇಗ ಬರುತ್ತದೆ. ಆಗ ಮೊಟ್ಟೆಯೊಳಗಿನ ಜೀವಕೋಶಗಳು ಹಳದಿಯ ಮೇಲೆ ಚದುರಿಕೊಂಡಿರುತ್ತವೆ, ಮೀನಿನ ಆಕಾರವೇ ಇನ್ನೂ ಮೂಡಿರುವುದಿಲ್ಲ. ಎರಡನೆಯದರಲ್ಲಿ ಉದ್ದನೆಯ ಮೈ ಇರುತ್ತದೆ, ಹೃದಯವೂ ರೂಪುಗೊಂಡಿರುತ್ತದೆ. ಅಲ್ಲಿಗೆ ಬೆಳವಣಿಗೆ ನಿಂತು, ಉಸಿರಾಟವೂ ತೀರಾ ಕಡಿಮೆಯಾಗುತ್ತದೆ. ಮೂರನೆಯದರಲ್ಲಿ ಮರಿ ಪೂರ್ತಿ ತಯಾರು. ಸಿಪ್ಪೆಯೊಳಗೆ ಸುರುಳಿ ಸುತ್ತಿ ಮಳೆಗೆ ಕಾಯುತ್ತಿರುತ್ತದೆ, ಅಷ್ಟೇ.

ಮೋಜು ಏನೆಂದರೆ, ಎಲ್ಲ ಮೊಟ್ಟೆಗಳೂ ಎಲ್ಲ ಕಡೆ ನಿಲ್ಲುವುದಿಲ್ಲ. ಒಂದೇ ತಾಯಿ ಒಂದೇ ದಿನ ಇಟ್ಟ ಮೊಟ್ಟೆಗಳಲ್ಲಿ ಒಂದು ಎಲ್ಲೂ ನಿಲ್ಲದೆ ಓಡಬಹುದು, ಇನ್ನೊಂದು ಎರಡನೇ ಹಂತದಲ್ಲಿ ತಿಂಗಳುಗಟ್ಟಲೆ ಮಲಗಬಹುದು. ಬಿಸಿ ಜಾಸ್ತಿಯಾದರೆ ನಿಲ್ಲದೆ ಓಡುವ ಮೊಟ್ಟೆಗಳು ಹೆಚ್ಚು, ತಂಪಾದರೆ ಮಲಗುವವು ಹೆಚ್ಚು. ಕಾಡಿನಲ್ಲಿ ಇದಕ್ಕೆ ಅರ್ಥ ಇದೆ. ಮೊದಲ ಮಳೆ ಬಂದು ಹೊಂಡ ಅರ್ಧ ತುಂಬಿ, ಹತ್ತು ದಿನದಲ್ಲಿ ಮತ್ತೆ ಬತ್ತಿದರೆ? ಎಲ್ಲ ಮೊಟ್ಟೆಗಳೂ ಒಟ್ಟಿಗೆ ಒಡೆದಿದ್ದರೆ ಆ ಹೊಂಡದ ವಂಶವೇ ಮುಗಿಯಿತು. ಸಾಕುವವನಿಗೆ ಮಾತ್ರ ಇದು ತಲೆನೋವು. ಕವರ್ ಮೇಲಿನ ತಾರೀಖು ಒಂದೇ, ಒಳಗಿನ ಮೊಟ್ಟೆಗಳ ವಯಸ್ಸು ನೂರೆಂಟು.

ಗೆಳೆಯನ ಕವರ್‌ನಿಂದ ಬಂದ ಮರಿಗಳು ದೊಡ್ಡವಾದ ಮೇಲೆ ಮೊಟ್ಟೆ ತೆಗೆದು ಇಡುವ ಕೆಲಸವನ್ನು ನಾನೇ ಮೊದಲಿನಿಂದ ಮಾಡಿದೆ. ಒಂದು ಗಂಡು, ಎರಡು ಹೆಣ್ಣು. ಗಂಡು ಒಂದೇ ಸಮನೆ ಅಟ್ಟಿಸಿಕೊಂಡು ಹೋಗುತ್ತದೆ, ಒಂದೇ ಹೆಣ್ಣಿದ್ದರೆ ಅದಕ್ಕೆ ಬಿಡುವೇ ಇರುವುದಿಲ್ಲ. ತೊಟ್ಟಿಯ ತಳದಲ್ಲಿ ಮಣ್ಣು, ಕಲ್ಲು ಏನೂ ಹಾಕಲಿಲ್ಲ. ಮುಚ್ಚಳಕ್ಕೆ ದೊಡ್ಡ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೂರು ಸೆಂಟಿಮೀಟರ್ ಪೀಟ್ ಮಾಸ್, ಅಂದರೆ ಕೊಳೆತ ಪಾಚಿಯ ಆ ಕಂದು ಪುಡಿ, ತುಂಬಿ ಇಟ್ಟೆ. ಬೇರೆ ಕಡೆ ಮೆತ್ತಗಿನ ತಳ ಸಿಗದ ಕಾರಣ ಮೀನುಗಳು ಆ ಡಬ್ಬಿಯೊಳಗೇ ಹೋಗುತ್ತವೆ. ಗಂಡು ತನ್ನ ಬೆನ್ನಿನ ರೆಕ್ಕೆಯಿಂದ ಹೆಣ್ಣನ್ನು ತಬ್ಬಿ ಪೀಟ್‌ಗೆ ಒತ್ತುತ್ತದೆ. ಇಬ್ಬರೂ ಒಮ್ಮೆ ನಡುಗುತ್ತಾರೆ. ಒಂದು ಮೊಟ್ಟೆ ಬೀಳುತ್ತದೆ. ಮತ್ತೆ ಅದೇ. ದಿನವಿಡೀ ಇದೇ ಕೆಲಸ.

ಪೀಟ್ ಅನ್ನು ಮೊದಲು ಕುದಿಸಬೇಕು. ಕುದಿಸದಿದ್ದರೆ ತೇಲುತ್ತದೆ, ಜೊತೆಗೆ ಹುಳದ ಮೊಟ್ಟೆ, ಶಿಲೀಂಧ್ರ ಏನೇನು ಇರುತ್ತದೋ ಗೊತ್ತಿಲ್ಲ. ತಣ್ಣಗಾದ ಮೇಲೆ ಒಂದೆರಡು ಸಲ ತೊಳೆದು ಹಿಂಡಿದರೆ ಸಾಕು. ಕೆಲವರು ಕೋಕೋಪೀಟ್ ಬಳಸುತ್ತಾರೆ. ಅದರಲ್ಲಿ ಉಪ್ಪಿನ ಅಂಶ ಇರಬಹುದು, ಹಾಗಾಗಿ ತುಂಬಾ ಸಲ ತೊಳೆಯಬೇಕು. ನನಗೆ ಪೀಟೇ ಇಷ್ಟ. ಅದು ಸ್ವಲ್ಪ ಆಮ್ಲೀಯ, ಮೊಟ್ಟೆಗೆ ಬೂಸ್ಟು ಬರುವುದು ಕಡಿಮೆ.

ವಾರಕ್ಕೊಮ್ಮೆ ಡಬ್ಬಿ ಎತ್ತಿ ಪೀಟ್ ಅನ್ನು ಬಲೆಗೆ ಸುರಿದು, ನೀರು ಇಳಿದ ಮೇಲೆ ಕೈಯಲ್ಲಿ ಹಿಂಡುತ್ತೇನೆ. ಮೊದಲು ಹಿಂಡುವಾಗ ಎದೆ ಢವಢವ ಅನ್ನುತ್ತದೆ. ಒಳಗೆ ಮೊಟ್ಟೆ ಇದೆಯಲ್ಲ! ಆದರೆ ಈ ಮೊಟ್ಟೆಯ ಸಿಪ್ಪೆ ಗಟ್ಟಿ. ಗಾತ್ರ ಸುಮಾರು 1 ಮಿಲಿಮೀಟರ್. ಒಂದನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ಒಡೆಯುವುದಿಲ್ಲ. ಫಲ ಕಟ್ಟದ ಮೊಟ್ಟೆ ಮಾತ್ರ ಮೆತ್ತಗಿರುತ್ತದೆ, ಒಂದೆರಡು ದಿನದಲ್ಲಿ ಬೆಳ್ಳಗಾಗುತ್ತದೆ.

ಇನ್ನು ಬರುವುದು ಈ ಇಡೀ ಕೆಲಸದ ಜೀವಾಳ: ಹದ. ಹಿಂಡಿದ ಪೀಟ್ ಅನ್ನು ಹಳೆ ಪೇಪರ್ ಮೇಲೆ ಹರಡಿ ಆರಲು ಬಿಡುತ್ತೇನೆ. ಬಿಸಿಲಿಗೂ ಅಲ್ಲ, ಫ್ಯಾನ್ ಕೆಳಗೂ ಅಲ್ಲ. ನಡುನಡುವೆ ಬೆರಳಾಡಿಸಿ ಉಂಡೆ ಬಿಡಿಸುತ್ತೇನೆ. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಗಾಳಿಯ ತೇವದ ಮೇಲೆ ಹೋಗುತ್ತದೆ. ಕೆಲವು ಸಲ ಅರ್ಧ ದಿನ, ಕೆಲವು ಸಲ ಒಂದಿಡೀ ದಿನ. ಒಂದು ಚಿಟಿಕೆ ತೆಗೆದು ಗಟ್ಟಿಯಾಗಿ ಒತ್ತಿದರೆ ಹನಿ ಬರಬಾರದು. ಬಿಟ್ಟರೆ ತಾನಾಗಿ ಉದುರಬೇಕು. ಆದರೆ ಬಣ್ಣ ಗಾಢವಾಗಿರಬೇಕು, ಮುಟ್ಟಿದರೆ ತಂಪು ಗೊತ್ತಾಗಬೇಕು. ಬಣ್ಣ ತೆಳುವಾಗಿ ಧೂಳು ಏಳುತ್ತಿದ್ದರೆ ಒಣಗಿದ್ದು ಜಾಸ್ತಿಯಾಯಿತು ಎಂದರ್ಥ. ಆಗ ಮೊಟ್ಟೆಯ ಮೇಲೆ ಗುಳಿ ಬೀಳುತ್ತದೆ. ಬೇಗ ನೋಡಿಕೊಂಡು ನಾಲ್ಕು ಹನಿ ನೀರು ಚಿಮುಕಿಸಿದರೆ ಕೆಲವು ಮತ್ತೆ ದುಂಡಗಾಗುತ್ತವೆ.

ಒದ್ದೆ ಜಾಸ್ತಿಯಾದರೂ ಕಷ್ಟವೇ. ಒದ್ದೆ ಪೀಟ್‌ನೊಳಗೆ ಗಾಳಿ ಆಡುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಮೊಟ್ಟೆ ಬೆಳೆಯದೆ ಮೊದಲ ಹಂತದಲ್ಲೇ ಕುಳಿತುಬಿಡುತ್ತದೆ. ಹೊಂಡದಲ್ಲೂ ನಡೆಯುವುದು ಇದೇ. ನೀರು ನಿಂತಿರುವವರೆಗೆ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ, ಮೊಟ್ಟೆ ಸುಮ್ನೆ ಬಿದ್ದಿರುತ್ತದೆ. ಈ ಹೊಂಡಗಳ ತಳದಲ್ಲಿ ಒಣಗಿದರೆ ಬಿರುಕು ಬಿಡುವ ಎರೆ ಜಾತಿಯ ಮಣ್ಣು ಇರುತ್ತದೆ. ನೀರು ಬತ್ತಿ ಮಣ್ಣು ಬಿರುಕು ಬಿಟ್ಟಾಗ ಗಾಳಿ ಒಳಗೆ ಇಳಿಯುತ್ತದೆ, ಬೆಳವಣಿಗೆ ಶುರುವಾಗುತ್ತದೆ. ಅದೇ ಮಣ್ಣು ತಳದಲ್ಲಿ ಸ್ವಲ್ಪ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪೀಟ್‌ನ ಹದ ಎಂದರೆ ಆ ಬಿರುಕು ಬಿಟ್ಟ ಹೊಂಡವನ್ನು ಕವರ್‌ನೊಳಗೆ ಮಾಡಿಕೊಳ್ಳುವುದು. ಇದು ತಿಳಿದ ಮೇಲೆ ಹದದ ಬಗ್ಗೆ ನನಗಿದ್ದ ಗೊಂದಲ ಅರ್ಧಕ್ಕರ್ಧ ಕಡಿಮೆಯಾಯಿತು.

ಕವರ್‌ನಲ್ಲಿ ಅರ್ಧ ಪೀಟ್, ಅರ್ಧ ಗಾಳಿ ಬಿಟ್ಟು ಜಿಪ್ ಹಾಕುತ್ತೇನೆ. ಮೇಲೆ ಅಳಿಸದ ಪೆನ್ನಿನಿಂದ ಹೆಸರು, ತಾರೀಖು. ಮೀನಿನ ಹೆಸರಿನ ಜೊತೆ ಅದರ ಮೂಲ ಜಾಗದ ಗುರುತನ್ನೂ ಬರೆಯುವುದು ಕಿಲ್ಲಿ ಸಾಕುವವರ ಪದ್ಧತಿ. ಫರ್ಜೆರಿಯ ಒಂದು ತಳಿಗೆ ಜಿಆರ್‌ಝಡ್ ಎನ್ನುವುದು ಅದು ಜಿಂಬಾಬ್ವೆಯ ಗೊನಾರೆಝೌ ಪ್ರದೇಶದಿಂದ ಬಂದದ್ದಕ್ಕೆ. ಬೇರೆ ಬೇರೆ ಜಾಗದ ಮೀನುಗಳನ್ನು ಬೆರೆಸಿ ಮರಿ ಮಾಡಿಸುವುದಿಲ್ಲ. ಹೆಣ್ಣುಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಲೇಬಲ್ ಹೋದರೆ ಆ ಕವರ್‌ಗೆ ಬೆಲೆಯೇ ಇಲ್ಲ.

ಇಡುವ ಜಾಗ 24, 25 ಡಿಗ್ರಿ ಸೆಲ್ಸಿಯಸ್ ಸುತ್ತ ಇದ್ದರೆ ಗುಂಥೇರಿಗೆ ಮೂರು ತಿಂಗಳು ಎಂದು ಅಂದಾಜು. ಇದೇ ಗುಂಪಿನ, ಮೊಜಾಂಬಿಕ್‌ನ ರಾಕೋವಿ ಎಂಬ ಮೀನಿನ ಮೊಟ್ಟೆಗೆ ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ. ಎಲ್ಲ ಕಿಲ್ಲಿಗಳೂ ಹೀಗಲ್ಲ, ಇದನ್ನೂ ಹೇಳಿಬಿಡುತ್ತೇನೆ. ಪಶ್ಚಿಮ ಆಫ್ರಿಕಾದ ಗಾರ್ಡನೆರಿ ಥರದವು ಬತ್ತದ ನೀರಿನವು. ಅಕ್ರಿಲಿಕ್ ಉಲ್ಲನ್ ದಾರದ ಗೊಂಚಲು ತೂಗುಬಿಟ್ಟರೆ ಅದಕ್ಕೆ ಮೊಟ್ಟೆ ಅಂಟಿಸುತ್ತವೆ. ಬಿಡಿಸಿ ನೀರಿನ ಡಬ್ಬಿಯಲ್ಲಿ ಇಟ್ಟರೆ ಎರಡು ಮೂರು ವಾರದಲ್ಲಿ ಮರಿ. ಹೊಸದಾಗಿ ಶುರು ಮಾಡುವವರಿಗೆ ಅದೇ ಸುಲಭ. ಆದರೆ ನನ್ನನ್ನು ಹಿಡಿದುಕೊಂಡದ್ದು ಈ ಒಣ ಮೊಟ್ಟೆಯ ಹುಚ್ಚು.

ಕಾಯುವ ತಿಂಗಳುಗಳಲ್ಲಿ ಮಾಡುವ ಕೆಲಸ ಸ್ವಲ್ಪ. ಆಗಾಗ ಕವರ್ ತೆರೆದು ಗಾಳಿ ಆಡಿಸುವುದು, ಬೆಳ್ಳಗಾದ ಮೊಟ್ಟೆ ಕಂಡರೆ ಹೆಕ್ಕಿ ಎಸೆಯುವುದು. ಒಂದು ಬೆಳ್ಳನೆಯ ಮೊಟ್ಟೆಯ ಬೂಸ್ಟು ಪಕ್ಕದ ಒಳ್ಳೆಯ ಮೊಟ್ಟೆಗೂ ಹರಡುತ್ತದೆ. ಎರಡು ತಿಂಗಳು ಕಳೆದ ಮೇಲೆ ನೋಡುವ ಕೆಲಸ ಶುರು. ಬಿಳಿ ತಟ್ಟೆಯ ಮೇಲೆ ಪೀಟ್ ಹರಡಿ, ಕೆಲವು ಮೊಟ್ಟೆ ಹೆಕ್ಕಿ, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡುತ್ತೇನೆ. ಎಳೆ ಮೊಟ್ಟೆ ಸ್ವಚ್ಛ ಜೇನಿನ ಬಣ್ಣ, ಒಳಗೆ ಎಣ್ಣೆಯ ಹನಿಗಳು ಹೊಳೆಯುತ್ತವೆ. ಸ್ವಲ್ಪ ಬೆಳೆದದ್ದರಲ್ಲಿ ತೆಳ್ಳಗಿನ ಗೆರೆ ಸುತ್ತಿಕೊಂಡಿರುತ್ತದೆ. ಆಮೇಲೆ ಎರಡು ಕಪ್ಪು ಚುಕ್ಕಿ. ಹೊಸಬರು ಇಲ್ಲೇ ಕುಣಿದುಬಿಡುತ್ತಾರೆ, ಕಣ್ಣು ಬಂತು ಎಂದು. ಇಲ್ಲ, ಇನ್ನೂ ಕಾಯಬೇಕು. ಕಪ್ಪು ಚುಕ್ಕಿಯ ಸುತ್ತ ಹೊಳೆಯುವ ಚಿನ್ನದ ಬಳೆ ಮೂಡಬೇಕು. ಮೈ ಮೊಟ್ಟೆಯ ತುಂಬಾ ಸುತ್ತಿಕೊಂಡು, ಹಳದಿ ಕಡಿಮೆಯಾಗಿ, ಒಟ್ಟು ಮೊಟ್ಟೆಯೇ ಕಪ್ಪಾಗಿ ಕಾಣಬೇಕು. ಬೆಳಕಿಗೆ ಕೆಲವು ಕಣ್ಣು ಒಳಗೇ ತಿರುಗುತ್ತವೆ. ಮೊದಲ ಸಲ ಅದನ್ನು ನೋಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಟಿವಿ ಬಿಟ್ಟು ಬಂದವರು ಸಾಲಾಗಿ ನಿಂತು ಭೂತಗನ್ನಡಿ ಕಿತ್ತಾಡಿಕೊಂಡು ನೋಡಿದರು.

ತಾರೀಖಿಗೆ ಸರಿಯಾಗಿ ನೋಡಿದಾಗ ನನ್ನ ಕವರ್‌ನಲ್ಲಿ ಅರ್ಧದಷ್ಟಕ್ಕೆ ಮಾತ್ರ ಚಿನ್ನದ ಬಳೆ ಇತ್ತು. ಲೇಬಲ್ ನೋಡಿ ನೀರು ಹಾಕಿದ್ದರೆ ಆ ಅರ್ಧ ಮಾತ್ರ ಒಡೆಯುತ್ತಿತ್ತು. ನಾನು ಇನ್ನೂ ಎರಡು ವಾರ ಬಿಟ್ಟೆ. ಹಾಗಂತ ಎಲ್ಲವೂ ಬರಲಿ ಎಂದು ಕಾಯುತ್ತಲೇ ಇರುವುದೂ ಸರಿಯಲ್ಲ. ತಯಾರಾದ ಮರಿ ತನ್ನ ಬುತ್ತಿಯ ಹಳದಿಯನ್ನು ಒಳಗೇ ಖರ್ಚು ಮಾಡುತ್ತಿರುತ್ತದೆ. ತೀರಾ ತಡವಾದರೆ ಹೊರಗೆ ಬರಲು ಶಕ್ತಿ ಇರುವುದಿಲ್ಲ. ಬಹುಪಾಲು ಮೊಟ್ಟೆಗಳು ತಯಾರಾದಾಗ ನೀರು, ಉಳಿದವಕ್ಕೆ ಇನ್ನೊಂದು ಅವಕಾಶ ಇದ್ದೇ ಇದೆ.

ನೀರು ಹಾಕುವ ಮೊದಲೇ ಮರಿಗಳ ಊಟ ತಯಾರಿರಬೇಕು. ಆರ್ಟೀಮಿಯಾ ಮೊಟ್ಟೆಯನ್ನು ಹಿಂದಿನ ದಿನವೇ ಹಾಕುತ್ತೇನೆ. ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು, 26ರಿಂದ 28 ಡಿಗ್ರಿ ಬಿಸಿ, ಒಂದೇ ಸಮ ಗಾಳಿಯ ಗುಳ್ಳೆ. 24ರಿಂದ 36 ಗಂಟೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಸೀಗಡಿ ಮರಿಗಳು ಬರುತ್ತವೆ. ಗುಂಥೇರಿ ಮರಿಯ ಬಾಯಿಗೆ ಅವು ಮೊದಲ ದಿನದಿಂದಲೇ ಹಿಡಿಸುತ್ತವೆ.

ಮೊಟ್ಟೆಗೆ ಹಾಕುವ ನೀರು ತಣ್ಣಗಿರಬೇಕು. ನಾನು 17, 18 ಡಿಗ್ರಿಯ ಮೆದು ನೀರು ತೆಗೆದುಕೊಳ್ಳುತ್ತೇನೆ. ಅಗಲವಾದ ಟ್ರೇಗೆ ಪೀಟ್ ಸುರಿದು, ಮೇಲೆ ನಾಲ್ಕೈದು ಸೆಂಟಿಮೀಟರ್ ಆಗುವಷ್ಟು ನೀರು. ಅಷ್ಟೇ. ಆಳ ಜಾಸ್ತಿ ಬೇಡ. ತಣ್ಣನೆಯ ನೀರು ಮಳೆಯ ಹಾಗೆ. ಆಮೇಲೆ ಪೀಟ್‌ನಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲಜನಕ ತಿನ್ನುತ್ತವೆ. ಆಮ್ಲಜನಕ ಕುಸಿದರೆ ಒಳಗಿನ ಮರಿಗೆ ಅದೇ ಹೊರಗೆ ಬರುವ ಸೂಚನೆ. ಅದು ಸಿಪ್ಪೆ ಕರಗಿಸುವ ಕಿಣ್ವ ಬಿಟ್ಟು, ಮೈ ಕೊಡವಿ ಹೊರಗೆ ಬರುತ್ತದೆ. ಹಾಗಾಗಿ ಈ ಹಂತದಲ್ಲಿ ಗಾಳಿ ಪಂಪ್ ಹಾಕಬಾರದು. ಕೆಲವರು ಒಂದು ಚಿಟಿಕೆ ಒಣ ಮೀನಿನ ಆಹಾರ ಉದುರಿಸಿ ಸೂಕ್ಷ್ಮಜೀವಿಗಳನ್ನು ಹೆಚ್ಚಿಸುತ್ತಾರೆ.

ನೀರು ಹೊಯ್ದು ಎರಡು ಗಂಟೆ ಆಗುವಷ್ಟರಲ್ಲಿ ಮೊದಲ ಮರಿ ಕಂಡಿತು. ಕಂಡಿತು ಎನ್ನುವುದಕ್ಕಿಂತ, ಪೀಟ್‌ನ ಕಂದು ನೀರಿನಲ್ಲಿ ಎರಡು ಕಣ್ಣು ಓಡಾಡಿದವು. ಮೈ ಅಷ್ಟು ಪಾರದರ್ಶಕ. ಸಂಜೆಗೆ ಎಣಿಸಲು ಆಗದಷ್ಟು. ಮೊಟ್ಟೆಯೊಳಗೆ ವಾರಗಟ್ಟಲೆ ಮಡಚಿಕೊಂಡು ಕೂತ ಜೀವ ಹೊರಗೆ ಬಂದ ಗಳಿಗೆಯಲ್ಲೇ ಬೇಟೆಗೆ ಇಳಿಯುತ್ತದೆ. ಆರ್ಟೀಮಿಯಾ ಹಾಕಿದ ಕೂಡಲೇ ಮೈ ಬಾಗಿಸಿ, ಗುರಿ ಹಿಡಿದು, ಚಟ್ಟನೆ ಹಾರಿದವು. ಸ್ವಲ್ಪ ಹೊತ್ತಿಗೆ ಹೊಟ್ಟೆಗಳೆಲ್ಲ ಕಿತ್ತಳೆ.

ಎಲ್ಲವೂ ಈಜುವುದಿಲ್ಲ. ಕೆಲವು ತಳದಲ್ಲೇ ತೆವಳುತ್ತವೆ, ಎದ್ದು ಬರಲು ಆಗದೆ ಕುಪ್ಪಳಿಸುತ್ತವೆ. ಕಿಲ್ಲಿ ಸಾಕುವವರು ಇವಕ್ಕೆ ಬೆಲ್ಲಿ ಸ್ಲೈಡರ್ ಎನ್ನುತ್ತಾರೆ. ಮರಿ ಹೊರಗೆ ಬಂದ ಕೂಡಲೇ ಮೇಲಕ್ಕೆ ಹೋಗಿ ಗಾಳಿ ನುಂಗಿ ಈಜು ಚೀಲ ತುಂಬಿಕೊಳ್ಳಬೇಕು. ಅದು ಆಗದಿದ್ದರೆ ಹೀಗೆ. ನೀರು ಆಳ ಇರಬಾರದು ಎನ್ನುವುದು ಇದಕ್ಕೇ. ಮೇಲೆ ಎಣ್ಣೆ ಪದರ ಕಟ್ಟಿದ್ದರೆ ಟಿಶ್ಯೂ ಪೇಪರ್ ಹಾಸಿ ತೆಗೆಯುತ್ತೇನೆ. ಪೂರ್ತಿ ಬೆಳೆಯದ ಮೊಟ್ಟೆಗೆ ನೀರು ಹಾಕಿದರೆ ಇಂಥವು ಜಾಸ್ತಿ ಎನ್ನುವುದು ನನ್ನ ಅನುಭವ. ಗೆಳೆಯ ಕಣ್ಣು ನೋಡು ಎಂದದ್ದು ಇದನ್ನು ಕಂಡೇ ಇರಬೇಕು. ತೆವಳುವ ಮರಿಗಳನ್ನು ಏನು ಮಾಡಬೇಕು ಎಂಬುದು ಬೇಸರದ ವಿಷಯ. ಅವು ಚೇತರಿಸಿಕೊಳ್ಳುವುದು ಅಪರೂಪ, ಅವುಗಳಿಂದ ವಂಶ ಬೆಳೆಸಲೂಬಾರದು.

ಮಾರನೇ ದಿನ ಮರಿಗಳನ್ನು ಚಮಚದಲ್ಲಿ ನೀರಿನ ಸಮೇತ ಎತ್ತಿ ಬೇರೆ ತೊಟ್ಟಿಗೆ ಹಾಕಿದೆ. ಬಲೆ ಬೇಡ, ಮೈ ಹರಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಊಟ, ಸ್ವಲ್ಪ ಸ್ವಲ್ಪ ನೀರು ಬದಲು. ಉಳಿದ ಊಟ ತಿನ್ನಲು ಒಂದೆರಡು ಬಸವನ ಹುಳು ಬಿಟ್ಟೆ. ಈ ಗುಂಪಿನ ಮೀನುಗಳಿಗೆ ವೆಲ್ವೆಟ್ ರೋಗ ಬೇಗ ಅಂಟುತ್ತದೆ, ಮೈಮೇಲೆ ಚಿನ್ನದ ಧೂಳು ಉದುರಿದ ಹಾಗೆ ಕಾಣುತ್ತದೆ. ಅದಕ್ಕೆ ಲೀಟರಿಗೆ ಸುಮಾರು 1 ಗ್ರಾಂ ಉಪ್ಪು ಮೊದಲೇ ಹಾಕಿಡುವುದು ರೂಢಿ. ಬೆಳವಣಿಗೆ ದಿನದಿನಕ್ಕೂ ಕಣ್ಣಿಗೆ ಕಾಣುತ್ತದೆ. ದೊಡ್ಡ ಮರಿ ಚಿಕ್ಕದನ್ನು ನುಂಗುವ ಮೊದಲು ಗಾತ್ರ ನೋಡಿ ಬೇರೆ ಮಾಡಬೇಕು. ಒಂದು ತಿಂಗಳಾಗುವ ಹೊತ್ತಿಗೆ ಗಂಡುಗಳ ಬಾಲಕ್ಕೆ ಕೆಂಪು ಹತ್ತಿತ್ತು, ಜಗಳವೂ ಶುರುವಾಗಿತ್ತು.

ಟ್ರೇಯಲ್ಲಿ ಉಳಿದ ಪೀಟ್ ಎಸೆಯುವಂತಿಲ್ಲ. ಅದರಲ್ಲಿ ಇನ್ನೂ ಮಲಗಿರುವ ಮೊಟ್ಟೆಗಳಿವೆ. ಮತ್ತೆ ಬಸಿದು, ಹಿಂಡಿ, ಹದಕ್ಕೆ ಒಣಗಿಸಿ, ಅದೇ ಕವರ್‌ಗೆ ಹಾಕಿ, ಎರಡನೇ ತಾರೀಖು ಬರೆದೆ. ಮೂರು ನಾಲ್ಕು ವಾರದ ನಂತರ ಮತ್ತೆ ಕಣ್ಣು ನೋಡಿ ನೀರು ಹಾಕಿದಾಗ ಇನ್ನೊಂದು ಗುಂಪು ಬಂತು. ಮೊದಲ ಸಲದಷ್ಟು ಅಲ್ಲ, ಆದರೆ ಗಟ್ಟಿಮುಟ್ಟಾದವು. ತಯಾರಾಗಿಯೂ ಒಡೆಯದ ಹಟಮಾರಿ ಮೊಟ್ಟೆಗಳಿಗೆ ಹಳಬರ ಒಂದು ಉಪಾಯ ಇದೆ. ಚಿಕ್ಕ ಶೀಶೆಯಲ್ಲಿ ಸ್ವಲ್ಪ ನೀರು ಮತ್ತು ಮೊಟ್ಟೆ ಹಾಕಿ, ಸ್ಟ್ರಾದಿಂದ ಉಸಿರು ಊದಿ, ಮುಚ್ಚಳ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದು. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಕುಲುಕಾಟ ಎಲ್ಲ ಸೇರಿ ಮರಿಯನ್ನು ಎಬ್ಬಿಸುತ್ತವೆ. ಕೇಳಲು ಮಾಟ ಮಂತ್ರದಂತಿದೆ, ಆದರೆ ಕೆಲಸ ಮಾಡುತ್ತದೆ. ಜೇಬಿನಲ್ಲಿ ಏನು ಎಂದು ಕೇಳಿದವರಿಗೆ ಉತ್ತರ ಕೊಡುವುದಷ್ಟೇ ಕಷ್ಟ.

ಎಷ್ಟು ಸಲ ನೀರು ಹಾಕಬಹುದು? ಟಾರ್ಚ್ ಹಿಡಿದು ಹುಡುಕಿದರೆ ಗಟ್ಟಿ, ಸ್ವಚ್ಛ ಮೊಟ್ಟೆ ಸಿಗುತ್ತಿರುವವರೆಗೆ. ಒಂದೂ ಸಿಗದಿದ್ದಾಗಲೂ ಪೀಟ್ ಅನ್ನು ಮೋರಿಗೋ ಅಂಗಳಕ್ಕೋ ನೇರ ಸುರಿಯುವುದಿಲ್ಲ. ಕಣ್ಣು ತಪ್ಪಿದ ಮೊಟ್ಟೆ ಇದ್ದರೂ ಇರಬಹುದು, ಹೊರಗಿನ ಹೊಂಡಕ್ಕೆ ಬೇರೆ ಖಂಡದ ಮೀನು ಸೇರಬಾರದು. ಇನ್ನೊಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಹೂಕುಂಡಕ್ಕೆ ಹಾಕುತ್ತೇನೆ.